ಮನೆಯಲ್ಲಿ ಮುಧೋಳ ನಾಯಿ ಇದ್ದರೆ: ದಿನದ ಓಟ, ನಡಿಗೆ, ಆಟ ಹೇಗಿರಬೇಕು?

ಬೆಳಗ್ಗೆ ಐದೂವರೆಗೆ ನಮ್ಮ ಚಿಗರಿ ಮಂಚದ ಪಕ್ಕ ಬಂದು ನಿಲ್ಲುತ್ತಾಳೆ. ಬೊಗಳುವುದಿಲ್ಲ. ತನ್ನ ಉದ್ದ ಮೂತಿಯನ್ನು ನನ್ನ ಕೈ ಮೇಲೆ ಇಟ್ಟು ಕಾಯುತ್ತಾಳೆ, ಅಷ್ಟೇ. ಮುಧೋಳ ತಳಿಯ ಹೆಣ್ಣು ನಾಯಿ, ಈಗ ಐದು ವರ್ಷ. ನಮ್ಮ ಮನೆ ಧಾರವಾಡದಲ್ಲಿ. ಹುಬ್ಬಳ್ಳಿಗೂ ಧಾರವಾಡಕ್ಕೂ ಓಡಾಡುವ ಬಸ್ಸಿನ ಹೆಸರೂ ಚಿಗರಿ ಆಗಿರುವುದರಿಂದ ಓಣಿಯ ಮಕ್ಕಳು ಆ ಬಸ್ಸಿನ ಹೆಸರೇ ಇಟ್ಟಿದ್ದೇವೆ ಅಂದುಕೊಂಡಿದ್ದಾರೆ. ನಮಗೆ ನೆನಪಿಗೆ ಬಂದಿದ್ದು ಬಯಲಿನಲ್ಲಿ ನೆಗೆಯುವ ಚಿಗರಿ.

ಮೊದಲ ವರ್ಷ ಅವಳನ್ನು ಸಂಭಾಳಿಸಲು ನಮಗೆ ಗೊತ್ತಾಗಲಿಲ್ಲ. ಸೋಫಾದ ಮೂಲೆ ಹರಿದಳು. ಹಿತ್ತಲಿನ ಕರಿಬೇವಿನ ಬುಡ ಅಗೆದು ಹಾಕಿದಳು. ರಾತ್ರಿ ಹತ್ತಕ್ಕೆ ಮನೆ ತುಂಬ ಗಿರಕಿ ಹೊಡೆಯುತ್ತಿದ್ದಳು. 'ಶಕ್ತಿ ಜಾಸ್ತಿ ಇದೆ, ಇನ್ನೂ ದೂರ ನಡೆಸಿ' ಅಂತ ಎಲ್ಲರೂ ಹೇಳಿದರು. ಹಗ್ಗ ಹಿಡಿದು ಒಂದು ಗಂಟೆ, ಆಮೇಲೆ ಒಂದೂವರೆ ಗಂಟೆ ನಡೆಸಿದೆವು. ನಮ್ಮ ಕಾಲು ನೋಯುತ್ತಿದ್ದವು. ಅವಳ ಮೈ ಮಾತ್ರ ಇನ್ನಷ್ಟು ಗಟ್ಟಿಯಾಯಿತು. ತಂಟೆ ಒಂದಿಷ್ಟೂ ಕಡಿಮೆ ಆಗಲಿಲ್ಲ.

ತಿಂಗಳುಗಟ್ಟಲೆ ನೋಡಿದ ಮೇಲೆ ಅರ್ಥವಾಯಿತು. ಇಂಥ ನಾಯಿಗೆ ಮೂರು ಬೇರೆ ಬೇರೆ ಕೆಲಸ ಬೇಕು: ಕೆಲವೇ ನಿಮಿಷ ಮನಸಾರೆ ಓಟ, ಮೂಸುತ್ತಾ ನಿಧಾನ ನಡಿಗೆ, ತಲೆ ಓಡಿಸುವ ಆಟ. ಕಿಲೋಮೀಟರ್ ಎಣಿಸುವುದರಿಂದ ಇದು ಸಿಗುವುದಿಲ್ಲ. ನಿಮ್ಮದು ಲ್ಯಾಬ್ರಡಾರ್ ಇರಲಿ, ಬೀದಿಯಿಂದ ತಂದ ದೇಸಿ ನಾಯಿ ಇರಲಿ, ಮೂರರ ಪ್ರಮಾಣ ಬದಲಾದೀತು. ಆದರೆ ಮೂರೂ ಬೇಕು.

ಮೊದಲು ನಾಯಿಯನ್ನು ತಿಳಿದುಕೊಳ್ಳಿ

ಮುಧೋಳ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಅಲ್ಲಿನ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ.

ಇದು ಕಣ್ಣಿನಿಂದ ಬೇಟೆ ಹುಡುಕುವ ನಾಯಿ. ದೂರದಲ್ಲಿ ಏನೋ ಅಲ್ಲಾಡಿದರೆ ಸಾಕು, ನಿಮಗೆ ಕಾಣುವ ಮೊದಲೇ ಅದರ ಕಿವಿ ನಿಮಿರಿರುತ್ತದೆ. ಎದೆ ಆಳ, ಸೊಂಟ ಸಣ್ಣ, ಕಾಲು ಉದ್ದ, ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಒಮ್ಮೆ ಮೈ ಮಡಚಿಕೊಂಡಾಗ, ಇನ್ನೊಮ್ಮೆ ಮೈ ಪೂರ್ತಿ ಚಾಚಿದಾಗ. ಹೀಗೆ ಓಡಲೆಂದೇ ಆದ ಮೈಯನ್ನು ನಾಲ್ಕು ಅಡಿ ಹಗ್ಗದಲ್ಲಿ ಕಟ್ಟಿ ಒಂದೂವರೆ ಗಂಟೆ ನಡೆಸಿದರೆ ಅದಕ್ಕೆ ಏನು ಸಿಕ್ಕಂತಾಯಿತು? ಓಡಿ ಮುಗಿಸಿದ ಮೇಲೆ ಇದೇ ನಾಯಿ ಚಾಪೆಯ ಹಾಗೆ ಬಿದ್ದುಕೊಳ್ಳುತ್ತದೆ. ದಿನದಲ್ಲಿ ಹನ್ನೆರಡು ಗಂಟೆಗಿಂತ ಜಾಸ್ತಿ ಮಲಗಿದರೂ ಗಾಬರಿ ಬೇಡ, ಅದು ಸಹಜ.

ಹೆಜ್ಜೆ 1: ಡಾಕ್ಟರ್ ಹತ್ತಿರ ಒಮ್ಮೆ ತೋರಿಸಿ

ಎದೆ, ಕೀಲು, ಪಾದ ನೋಡಿಸಿ. ರೇಬೀಸ್ ಲಸಿಕೆ ತಪ್ಪಿಸಬೇಡಿ. ಇಲಿ ಜ್ವರದ ಲಸಿಕೆಯೂ ಆಗಿರಲಿ. ಮಳೆಗಾಲದಲ್ಲಿ ನಿಂತ ನೀರಿನಿಂದ ಅದು ನಾಯಿಗೆ ಬರುತ್ತದೆ, ಮನುಷ್ಯರಿಗೂ ದಾಟುತ್ತದೆ. ಹುಲ್ಲಿನಲ್ಲಿ ಆಡುವ ನಾಯಿಗೆ ಉಣ್ಣೆ ಹತ್ತುವುದು ಖಂಡಿತ. ಉಣ್ಣೆ ಜ್ವರ ಬಂದ ನಾಯಿ ಓಡಲು ಹಿಂದೇಟು ಹಾಕುತ್ತದೆ. ಸುಮ್ನೆ ಸೋಮಾರಿತನ ಅಂದುಕೊಂಡು ತಡ ಮಾಡಬೇಡಿ.

ಮರಿ ಇದ್ದರೆ ಇನ್ನೂ ಎಚ್ಚರ ಬೇಕು. ಮೂಳೆಯ ತುದಿಗಳು ಗಟ್ಟಿಯಾಗಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಅಲ್ಲಿವರೆಗೆ ಅದು ತಾನಾಗಿ ಓಡಲಿ, ತಾನಾಗಿ ನಿಲ್ಲಲಿ. ನೀವು ಓಡಿಸಬೇಡಿ. ಮೆಟ್ಟಿಲು ಹತ್ತಿಳಿಸುವುದು, ಎತ್ತರದಿಂದ ಹಾರಿಸುವುದು ಬೇಡ.

ಹೆಜ್ಜೆ 2: ಒಂದು ವಾರ ಬರೆದಿಡಿ

ಕ್ಯಾಲೆಂಡರಿನ ಹಿಂದೆ ಬರೆದರೂ ಸಾಕು. ನಾಯಿ ಎಷ್ಟು ಹೊತ್ತಿಗೆ ತಂಟೆ ಶುರು ಮಾಡಿತು, ಅದಕ್ಕೆ ಮೊದಲು ಏನಾಗಿತ್ತು, ಎಷ್ಟು ಮಲಗಿತು. ಚಿಗರಿಯ ತಂಟೆ ಹೆಚ್ಚಾಗುತ್ತಿದ್ದುದು ಸಂಜೆ ಆರರಿಂದ ಏಳರೊಳಗೆ, ಮಗಳು ಆಡಿ ಬಂದು ಮನೆಯಲ್ಲಿ ಗದ್ದಲ ಆಗುವ ಹೊತ್ತಿಗೆ. ಆಟವನ್ನು ಐದೂವರೆಗೆ ತಂದೆವು. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ತಂಟೆ ಶುರುವಾದ ಮೇಲೆ ಹೊರಗೆ ಕರೆದೊಯ್ದರೆ, ತಂಟೆ ಮಾಡಿದರೆ ಹೊರಗೆ ಹೋಗಬಹುದು ಅಂತ ನಾಯಿ ಕಲಿಯುತ್ತದೆ.

ಹೆಜ್ಜೆ 3: ಬೆಲ್ಟು, ಹಗ್ಗ

ಮುಧೋಳ ನಾಯಿಯ ಕತ್ತು ದಪ್ಪ, ತಲೆ ಸಣ್ಣ. ಮಾಮೂಲಿ ಬೆಲ್ಟಿನಿಂದ ಅದು ಹಿಂದಕ್ಕೆ ಒಂದು ಸಲ ಜಗ್ಗಿದರೆ ತಲೆ ಹೊರಗೆ. ಎಳೆದಾಗ ಅಷ್ಟಕ್ಕಷ್ಟೇ ಬಿಗಿಯಾಗಿ ನಿಲ್ಲುವ ಅಗಲ ಪಟ್ಟಿಯ ಮಾರ್ಟಿಂಗೇಲ್ ಕಾಲರ್ ಒಳ್ಳೆಯದು. ಎದೆಗೆ ಹಾಕುವ ಹಾರ್ನೆಸ್ ಕೂಡ ಆದೀತು, ಆದರೆ ಸೊಂಟದ ಕಡೆಗೂ ಒಂದು ಪಟ್ಟಿ ಇರುವುದನ್ನು ನೋಡಿ ತನ್ನಿ. ಸಣ್ಣ ಸೊಂಟದ ನಾಯಿ ಮಾಮೂಲಿ ಹಾರ್ನೆಸ್‌ನಿಂದಲೂ ಜಾರಿಕೊಳ್ಳುತ್ತದೆ. ಕತ್ತು ಕಚ್ಚುವ ಸರಪಳಿ ಬೇಡವೇ ಬೇಡ.

ಹಗ್ಗ ಎರಡು ಬೇಕು. ರಸ್ತೆಗೆ ಐದಾರು ಅಡಿಯದು. ಬಯಲಿಗೆ ಹತ್ತು ಮೀಟರಿನ ಹತ್ತಿ ಹಗ್ಗ. ದನಕ್ಕೆ ಹಗ್ಗ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ತೆಳ್ಳಗಿನ ನೈಲಾನ್ ತರಬೇಡಿ, ಜಗ್ಗಿದಾಗ ಅಂಗೈ ಸುಟ್ಟ ಹಾಗೆ ಕಿತ್ತುಹೋಗುತ್ತದೆ. ಉದ್ದ ಹಗ್ಗವನ್ನು ಯಾವಾಗಲೂ ಹಾರ್ನೆಸ್‌ಗೇ ಕಟ್ಟಿ. ಓಡುತ್ತಿರುವ ನಾಯಿಗೆ ಹಗ್ಗ ಮುಗಿದು ಜಗ್ಗಿದರೆ ಆ ಪೆಟ್ಟು ಕತ್ತಿಗೆ ಬೀಳಬಾರದು.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಇದನ್ನು ನಮ್ಮ ಮನೆಯಲ್ಲಿ ನೋವು ತಿಂದು ಕಲಿತೆವು. ಎದುರಿಗೆ ಬೆಕ್ಕು ಓಡಿತು, ಚಿಗರಿ ಜಿಗಿದಳು, ಹಗ್ಗ ಸುತ್ತಿಕೊಂಡಿದ್ದ ಅಪ್ಪ ಮುಗ್ಗರಿಸಿ ಬಿದ್ದು ಮಣಿಕಟ್ಟು ಮುರಿಯಿತು. ಇಪ್ಪತ್ತು ಕಿಲೋ ದಾಟಿದ ನಾಯಿಯ ಹಗ್ಗವನ್ನು ರಸ್ತೆಯಲ್ಲಿ ಚಿಕ್ಕ ಮಕ್ಕಳ ಕೈಗೆ ಕೊಡುವುದೂ ತಪ್ಪು.

ಹೆಜ್ಜೆ 4: ಬೆಳಗಿನ ನಡಿಗೆ, ಅದರ ಇಷ್ಟದಂತೆ

ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಈ ಹೊತ್ತಿನಲ್ಲಿ ಯಜಮಾನಿಕೆ ನಾಯಿಯದು. ಕಂಬದ ಬುಡ ಮೂಸಲಿ, ಬೇಲಿ ಮೂಸಲಿ, ಒಂದೇ ಕಡೆ ಎರಡು ನಿಮಿಷ ನಿಲ್ಲಲಿ. ರಾತ್ರಿ ಆ ದಾರಿಯಲ್ಲಿ ಯಾರು ಬಂದು ಹೋದರು ಅಂತ ಅದು ಓದಿಕೊಳ್ಳುತ್ತಿರುತ್ತದೆ. 'ನಡಿ ನಡಿ' ಅಂತ ಎಳೆಯುತ್ತಾ ಹೋದರೆ ನಿಮ್ಮ ವಾಕಿಂಗ್ ಆಯಿತೇ ಹೊರತು ನಾಯಿಯದಲ್ಲ. ಫೋನು ಮನೆಯಲ್ಲಿಟ್ಟು ಹೋಗಿ.

ವಾರದಲ್ಲಿ ಎರಡು ದಿನವಾದರೂ ದಾರಿ ಬದಲಿಸಿ. ಹೊಸ ದಾರಿಯ ಇಪ್ಪತ್ತು ನಿಮಿಷ ಹಳೆ ದಾರಿಯ ಒಂದು ಗಂಟೆಗೆ ಸಮ. ಹಳೆ ನ್ಯೂಸ್‌ಪೇಪರ್ ತುಂಡು ಜೇಬಿನಲ್ಲಿರಲಿ, ನಾಯಿ ಹೊಲಸು ಮಾಡಿದ್ದನ್ನು ಎತ್ತಿ ಬನ್ನಿ. ಓಣಿಯವರು ನಾಯಿಯನ್ನು ದ್ವೇಷಿಸದೆ ಇರಬೇಕಾದರೆ ಇದಕ್ಕಿಂತ ದೊಡ್ಡ ಉಪಾಯ ಇಲ್ಲ.

ಬೀದಿ ನಾಯಿಗಳ ಗುಂಪು ಎದುರಾದರೆ ನಿಂತು ದಿಟ್ಟಿಸಬೇಡಿ, ಓಡಲೂಬೇಡಿ. ಹಗ್ಗ ಸಡಿಲವಾಗಿಯೇ ಇಟ್ಟು, ನಾಯಿಯನ್ನು ನಿಮ್ಮ ಇನ್ನೊಂದು ಬದಿಗೆ ತಂದು, ಬಳಸಿ ಹೋಗಿ. ಹಗ್ಗ ಬಿಗಿಯಾದಷ್ಟೂ ನಿಮ್ಮ ನಾಯಿಗೆ ಭಯ ಹೆಚ್ಚುತ್ತದೆ. ಒಂದೊಂದು ಗುಂಪಿಗೂ ತನ್ನ ಗಡಿ ಇರುತ್ತದೆ. ಹದಿನೈದು ದಿನ ಗಮನಿಸಿದರೆ ಗಡಿ ಎಲ್ಲಿ ಮುಗಿಯುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಹೆಜ್ಜೆ 5: ಕರೆದರೆ ಬರುವುದನ್ನು ಕಲಿಸಿ

ಓಟಕ್ಕೆ ಮೊದಲು ಇದು. ಇದು ಗಟ್ಟಿಯಾಗದೆ ಹಗ್ಗ ಬಿಚ್ಚಬೇಡಿ.

ಒಂದು ಸೀಟಿ ತನ್ನಿ. ಮನೆಯೊಳಗೆ ಊದಿ, ನಾಯಿ ತಿರುಗಿದ ಕೂಡಲೇ ಬೇಯಿಸಿದ ಲಿವರ್ ಚೂರು ಕೊಡಿ. ಲಿವರ್ ಆಗದಿದ್ದರೆ ಪನೀರ್. ದಿನಕ್ಕೆ ಐದಾರು ಸಲ, ಒಂದು ವಾರ. ಆಮೇಲೆ ಇನ್ನೊಂದು ಕೋಣೆಯಿಂದ ಊದಿ. ಆಮೇಲೆ ಹಿತ್ತಲಿನಿಂದ. ಆಮೇಲೆ ಬಯಲಿನಲ್ಲಿ, ಹತ್ತು ಮೀಟರ್ ಹಗ್ಗ ಇದ್ದಾಗ. ಈ ತಿನಿಸು ಸೀಟಿಗೆ ಮಾತ್ರ, ಬೇರೆ ಹೊತ್ತಿನಲ್ಲಿ ಕೊಡಬೇಡಿ.

ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ಬಯ್ಯಲು ಕರೆಯುತ್ತಾರೆ. ಇಲ್ಲವೇ ಆಟ ಮುಗಿಸಿ ಕಟ್ಟಿ ಒಯ್ಯಲು ಮಾತ್ರ ಕರೆಯುತ್ತಾರೆ. ಹೀಗಾದರೆ ಅದು ಯಾಕೆ ಬರಬೇಕು, ಅಲ್ವಾ? ಐದು ಸಲ ಕರೆದರೆ ನಾಲ್ಕು ಸಲ ತಿನಿಸು ಕೊಟ್ಟು 'ಹೋಗು, ಆಡು' ಅಂತ ಮತ್ತೆ ಬಿಡಿ. ತಡವಾಗಿ ಬಂದರೂ ಬಯ್ಯಬೇಡಿ. ಕೊನೆಗೂ ಬಂತಲ್ಲ, ಅದಕ್ಕೇ ತಿನಿಸು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೊಲ, ಮೇಕೆ ಮರಿ, ಕೋಳಿ ಕಂಡು ಓಟ ಕಿತ್ತ ಮುಧೋಳಕ್ಕೆ ಸೀಟಿ ಕೇಳಿಸುವುದಿಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದರೂ ಅಷ್ಟೇ. ಅದಕ್ಕೇ ಬೇಲಿ ಇಲ್ಲದ ಬಯಲಿನಲ್ಲಿ ಚಿಗರಿಯನ್ನು ನಾನು ಇವತ್ತಿಗೂ ಪೂರ್ತಿ ಬಿಡುವುದಿಲ್ಲ. 'ಬೇಟೆ ನಾಯಿ ತಾನೆ, ಮೊಲ ಹಿಡಿಯಲಿ ಬಿಡಿ' ಅನ್ನುವವರು ಸಿಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲದ ಬೇಟೆ ಅಪರಾಧ. ನಾಯಿಯಿಂದ ಹಿಡಿಸಿದರೂ ಅಪರಾಧವೇ.

ಹೆಜ್ಜೆ 6: ಓಟ

ವಾರಕ್ಕೆ ಮೂರು ನಾಲ್ಕು ದಿನ ಸಾಕು, ದಿನಾ ಬೇಕಿಲ್ಲ. ಜಾಗ ಹುಡುಕುವುದೇ ಕಷ್ಟದ ಕೆಲಸ. ಕಾಂಪೌಂಡ್ ಇರುವ ಖಾಲಿ ಸೈಟು, ಪರಿಚಯದವರ ತೋಟ, ರಜೆಯ ದಿನ ಒಪ್ಪಿಗೆ ಕೇಳಿ ಯಾವುದಾದರೂ ಮೈದಾನ. ಗೋಡೆ ಆರು ಅಡಿಯಾದರೂ ಇರಲಿ, ಈ ನಾಯಿ ನಾಲ್ಕು ಅಡಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ನಾಯಿ ಬಿಡುವ ಮೊದಲು ನೀವೇ ಒಂದು ಸುತ್ತು ನಡೆದು ಗಾಜಿನ ಚೂರು, ತಂತಿ, ಗುಂಡಿ ನೋಡಿ. ಆ ವೇಗದಲ್ಲಿ ಒಂದು ಸಣ್ಣ ಗುಂಡಿ ಕಾಲು ಮುರಿಯಲು ಸಾಕು.

ಹತ್ತು ನಿಮಿಷ ನಡೆಸಿ ಮೈ ಬಿಸಿಯಾಗಲಿ. ಆಮೇಲೆ ಬಿಡಿ. ಎಂಟು ಹತ್ತು ನಿಮಿಷದಲ್ಲಿ ಅದು ಸುತ್ತು ಹೊಡೆಯುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ನಿಂತಾಗ ಚಪ್ಪಾಳೆ ತಟ್ಟಿ ಎಬ್ಬಿಸಬೇಡಿ. ಮುಗಿದ ಮೇಲೆ ಇನ್ನು ಹತ್ತು ನಿಮಿಷ ನಡೆಸಿ, ಏದುಸಿರು ಇಳಿಯಲಿ. ನೀರನ್ನು ಸ್ವಲ್ಪ ಸ್ವಲ್ಪವೇ ಕೊಡಿ.

ಹೊಟ್ಟೆ ತುಂಬ ತಿಂದ ಮೇಲೆ ಎರಡು ಗಂಟೆ ಕಳೆಯುವ ತನಕ ನಾಯಿಯನ್ನು ಓಡಿಸಬಾರದು. ಓಡಿ ಬಂದ ಮೇಲೂ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಊಟ ಹಾಕಿ. ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಗಾಳಿಯಿಂದ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ. ಹೊಟ್ಟೆ ಬಿಗಿಯಾಗಿ, ವಾಂತಿ ಬರದೇ ಓಕರಿಸುತ್ತಾ, ಕೂರಲೂ ಆಗದೆ ಒದ್ದಾಡುತ್ತಿದ್ದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ನಾಯಿಯನ್ನು ಬೈಕಿಗೋ ಸ್ಕೂಟರಿಗೋ ಕಟ್ಟಿಕೊಂಡು ಓಡಿಸುವುದನ್ನು ಬೆಳಗಿನ ರಸ್ತೆಯಲ್ಲಿ ನೋಡಿರುತ್ತೀರಿ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾಯಿಗೆ ದಣಿವಾದರೂ ನಿಲ್ಲುವ ದಾರಿ ಇಲ್ಲ, ಡಾಂಬರಿಗೆ ಉಜ್ಜಿ ಪಾದ ಕಿತ್ತುಬರುತ್ತದೆ, ಬ್ರೇಕ್ ಹಾಕಿದರೆ ಚಕ್ರದಡಿ. ದಯವಿಟ್ಟು ಮಾಡಬೇಡಿ.

ಹೆಜ್ಜೆ 7: ಕೋಲು-ಹಗ್ಗದ ಆಟ

ಬಯಲು ಸಿಗದ ಮನೆಗೆ ಇದು ವರ. ಹಿತ್ತಲು ಅಥವಾ ಮಣ್ಣಿನ ಅಂಗಳ ಇದ್ದರೆ ಸಾಕು. ನಾಲ್ಕೈದು ಅಡಿಯ ಬಿದಿರು ಕೋಲು. ತುದಿಗೆ ಏಳೆಂಟು ಅಡಿ ಹಗ್ಗ. ಹಗ್ಗದ ತುದಿಗೆ ಹಳೆ ಕಾಟನ್ ಸೀರೆಯ ತುಂಡನ್ನು ಜಡೆ ಹೆಣೆದು ಕಟ್ಟಿ. ಖರ್ಚು ಇಲ್ಲವೇ ಇಲ್ಲ.

ಮೊದಲು 'ಕೂತ್ಕೋ', ಆಮೇಲೆ 'ತಡಿ', ಆಮೇಲೆ 'ಹಿಡಿ' ಅಂದು ಬಟ್ಟೆಯನ್ನು ನೆಲದ ಮೇಲೆ ಎಳೆಯಿರಿ, ಹೆದರಿದ ಮೊಲದ ಹಾಗೆ, ಅಂಕುಡೊಂಕಾಗಿ. ಬಟ್ಟೆ ನೆಲ ಬಿಟ್ಟು ಮೇಲೇಳಬಾರದು. ಮೇಲೆ ಹಾರಿಸಿದರೆ ಗಾಳಿಯಲ್ಲಿ ಮೈ ತಿರುಚಿ ಇಳಿಯುವ ನಾಯಿಯ ಮಂಡಿ ಹೋಗುತ್ತದೆ. ತುಂಬ ಚಿಕ್ಕ ಸುತ್ತೂ ಬೇಡ. ಮೂರು ನಾಲ್ಕು ಸುತ್ತಿಗೊಮ್ಮೆ ಹಿಡಿಯಲು ಬಿಡಿ. ಹಿಡಿಯಲು ಸಿಗದ ಬೇಟೆ ನಾಯಿಯನ್ನು ರೇಗಿಸುತ್ತದೆ. ಸಿಕ್ಕ ಬೇಟೆ ಸಮಾಧಾನ ತರುತ್ತದೆ. ಹಿಡಿದ ಮೇಲೆ ಸ್ವಲ್ಪ ಜಗ್ಗಾಡಿ, 'ಬಿಡು' ಅನ್ನಿ, ಬಿಟ್ಟರೆ ತಿನಿಸು ಕೊಡಿ. ಐದರಿಂದ ಏಳು ನಿಮಿಷ ಸಾಕು. ಟೈಲ್ಸ್, ಸಿಮೆಂಟ್ ನೆಲದ ಮೇಲೆ ಆಡಿಸಬೇಡಿ. ಮುಗಿದ ಕೂಡಲೇ ಕೋಲನ್ನು ಅಟ್ಟದ ಮೇಲಿಡಿ, ಸದಾ ಕಣ್ಣಿಗೆ ಬಿದ್ದರೆ ಅದರ ಬೆಲೆ ಹೋಗುತ್ತದೆ.

'ತಡಿ' ಅಂದಾಗ ತುದಿಗಾಲಲ್ಲಿ ನಡುಗುತ್ತಾ ಕಾಯುವುದು ಇದೆಯಲ್ಲ, ದಣಿವು ಅರ್ಧ ಬರುವುದು ಅದರಿಂದಲೇ.

ಹೆಜ್ಜೆ 8: ಮೂಗಿಗೆ ಕೆಲಸ

ಕಣ್ಣಿನ ನಾಯಿ ಅಂದಮಾತ್ರಕ್ಕೆ ಮೂಗು ಇಲ್ಲ ಅಂತಲ್ಲ. ಐದಾರು ತೆಂಗಿನ ಕರಟ ತೊಳೆದು ಒಣಗಿಸಿಡಿ. ಸಾಲಾಗಿ ಬೋರಲು ಹಾಕಿ, ಎರಡರ ಕೆಳಗೆ ಜೋಳದ ರೊಟ್ಟಿಯ ಚೂರೋ ಬೇಯಿಸಿದ ಕೋಳಿಯ ಚೂರೋ ಇಡಿ. ನಾಯಿ ಮೂಸಿ ಮೂಸಿ ಉರುಳಿಸಲಿ. ಒಂದು ವಾರದಲ್ಲಿ ಚಾಲಾಕಿ ಆಗುತ್ತದೆ. ಆಗ ಕರಟಗಳನ್ನು ಬೇರೆ ಬೇರೆ ಕೋಣೆಗೆ ಹಂಚಿ. ಹಳೆ ಗೋಣಿಚೀಲವನ್ನು ಮಡಿಕೆ ಮಡಿಕೆಯಾಗಿ ಸುತ್ತಿ ಒಳಗೆ ಊಟದ ಕಾಳುಗಳನ್ನು ಉದುರಿಸುವುದು ಇನ್ನೊಂದು ಆಟ. ದಿನದ ಊಟದಲ್ಲಿ ಕಾಲು ಭಾಗ ಹೀಗೆ ಹುಡುಕಿ ತಿಂದರೂ ಸಾಕು.

ನಮ್ಮ ಮನೆಯಲ್ಲಿ ಇದು ಹತ್ತು ವರ್ಷದ ಮಗಳ ಕೆಲಸ. ಬಚ್ಚಿಡುವುದು ಅವಳಿಗೂ ಖುಷಿ. ಮಕ್ಕಳು ಬಚ್ಚಿಡುವಾಗ ಏನು ಬಚ್ಚಿಡುತ್ತಿದ್ದಾರೆ ಅಂತ ಮಾತ್ರ ನೋಡಿ. ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ.

ಮಳೆ ಜೋರಾಗಿರುವ ದಿನ, ದೀಪಾವಳಿಯ ಪಟಾಕಿ ರಾತ್ರಿಗಳು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ದಿನ, ಹೊರಗೆ ಹೋಗಲು ಆಗದಿದ್ದರೆ ಕರಟದ ಆಟವನ್ನು ಎರಡು ಮೂರು ಸಲ ಆಡಿಸಿ. ಒಂದು ದಿನ ನಡಿಗೆ ತಪ್ಪಿದರೆ ಏನೂ ಆಗುವುದಿಲ್ಲ.

ಬಿಸಿಲು: ಇಲ್ಲಿ ಹೊಂದಾಣಿಕೆ ಇಲ್ಲ

ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮಾರ್ಚ್‌ನಿಂದ ಮೇ ತನಕ ಬೆಳಗ್ಗೆ ಏಳರೊಳಗೆ, ಸಂಜೆ ಆರೂವರೆಯ ಮೇಲೆ ಮಾತ್ರ ಹೊರಗೆ. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಟ್ಟು ನೋಡಿ. ನಿಮಗೆ ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಸೂರ್ಯ ಮುಳುಗಿದ ಮೇಲೂ ರಸ್ತೆ ತುಂಬ ಹೊತ್ತು ಕಾದಿರುತ್ತದೆ.

ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಪ್ರಾಣಾಪಾಯ. ನಾಲಿಗೆ ಕಡು ಕೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಪ್ಪುತ್ತಿದ್ದರೆ ನೆರಳಿಗೆ ತಂದು ಹೊಟ್ಟೆ, ತೊಡೆ ಸಂದಿ, ಪಾದಕ್ಕೆ ತಣ್ಣೀರು ಹಾಕಿ. ಫ್ಯಾನ್ ಹಾಕಿ. ಒದ್ದೆ ಟವೆಲ್ ಸುತ್ತಿ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ. ತಂಪು ಮಾಡುತ್ತಲೇ ಡಾಕ್ಟರ್ ಹತ್ತಿರ ಹೊರಡಿ.

ಚಳಿಗೂ ಈ ನಾಯಿ ತಡೆಯುವುದಿಲ್ಲ. ಡಿಸೆಂಬರ್ ಬೆಳಗಿಗೆ ಹಳೆ ಸ್ವೆಟರ್ ಹೊಲಿದು ಹಾಕಿ. ಜಿಟಿಜಿಟಿ ಮಳೆಯಲ್ಲಿ ನೆನೆದು ಬಂದರೆ ಬೆರಳ ಸಂದಿ ತನಕ ಒರೆಸಿ.

ಮನೆಯವರ ನಡುವೆ ಹಂಚಿಕೊಳ್ಳಿ

ಒಬ್ಬರೇ ಮಾಡಿದರೆ ಎರಡು ತಿಂಗಳಿಗೆ ಬೇಸರ ಬಂದು ನಿಲ್ಲುತ್ತದೆ. ನಮ್ಮಲ್ಲಿ ಬೆಳಗಿನ ನಡಿಗೆ ನನ್ನದು. ಸಂಜೆ ಐದೂವರೆಯ ಕೋಲಿನ ಆಟ, ಇಲ್ಲವೇ ಓಟ, ಹೆಂಡತಿಯದು. ಬೇಸಿಗೆಯಲ್ಲಿ ಅದನ್ನೂ ಆರೂವರೆಗೆ ತಳ್ಳುತ್ತೇವೆ. ಅಲ್ಲಿವರೆಗೆ ಮನೆಯೊಳಗೆ ಮಗಳ ಕರಟದಾಟ. ರಾತ್ರಿ ಊಟದ ಮೊದಲು ಓಣಿಯ ಕೊನೆ ತನಕ ಹೋಗಿ ಬರುವುದು ಅಪ್ಪನದು, ಕೈಗೆ ಹಗ್ಗ ಸುತ್ತಿಕೊಳ್ಳದೆ. ಎಲ್ಲ ಕೂಡಿಸಿದರೂ ಒಂದೂವರೆ ಗಂಟೆ ದಾಟುವುದಿಲ್ಲ. ಎಲ್ಲರ ಬಾಯಲ್ಲೂ ಮಾತು ಒಂದೇ ಇರಲಿ. ಒಬ್ಬರು 'ಬಾ', ಇನ್ನೊಬ್ಬರು 'ಕಮ್', ಮತ್ತೊಬ್ಬರು 'ಇಲ್ಲಿ' ಅಂದರೆ ನಾಯಿ ಏನು ಮಾಡೀತು?

ಸಾಕಾಯಿತೋ, ಜಾಸ್ತಿ ಆಯಿತೋ?

ಹೊರಗಿಂದ ಬಂದು ನೀರು ಕುಡಿದು, ಹತ್ತು ಹದಿನೈದು ನಿಮಿಷದಲ್ಲಿ ಏದುಸಿರು ನಿಂತು, ಒಂದು ಕಡೆ ಮೈ ಚೆಲ್ಲಿ ಮಲಗಿದರೆ ಸರಿಯಾಗಿದೆ ಅಂತ ಅರ್ಥ. ಮರುದಿನ ಏಳುವಾಗ ಕಾಲು ಬಿಗಿಯಾಗಿದ್ದರೆ, ಕುಂಟಿದರೆ, ಪಾದ ನೆಕ್ಕುತ್ತಾ ಕೂತರೆ, ಹಗ್ಗ ತೆಗೆದಾಗ ಮುಖ ತಿರುಗಿಸಿದರೆ ಜಾಸ್ತಿ ಆಗಿದೆ. ಎರಡು ದಿನ ಬರೀ ಮೂಸುವ ನಡಿಗೆ. ಕುಂಟುವುದು ನಿಲ್ಲದಿದ್ದರೆ ತೋರಿಸಿ.

ಇನ್ನೊಂದು ಸ್ಥಿತಿ ಇದೆ. ಅದನ್ನು ಗುರುತಿಸುವುದು ಕಷ್ಟ. ತುಂಬ ಆಡಿದ ಮೇಲೂ ಕಣ್ಣು ಅಗಲ, ಗಿರಕಿ, ಬಟ್ಟೆ ಎಳೆಯುವುದು. ಇದು ಶಕ್ತಿ ಉಳಿದದ್ದಲ್ಲ. ನಿದ್ದೆ ಸಾಲದ ಮಗು ಹಟ ಮಾಡುವ ಹಾಗೆ. ಮತ್ತೆ ಹೊರಗೆ ಒಯ್ಯಬೇಡಿ. ದೀಪ ಆರಿಸಿ, ಅದರ ಹಾಸಿಗೆ ಹತ್ತಿರ ನೀವೂ ಸುಮ್ನೆ ಕೂತುಕೊಳ್ಳಿ.

ವಯಸ್ಸಾದ ಮೇಲೆ

ಎಂಟು ವರ್ಷ ದಾಟಿದ ಮೇಲೆ ಒಂದು ಉದ್ದ ನಡಿಗೆಯನ್ನು ಮೂರು ಸಣ್ಣ ನಡಿಗೆ ಮಾಡಿ. ಓಟವನ್ನು ಅದರ ಇಷ್ಟಕ್ಕೆ ಬಿಡಿ. ಕೋಲಿನ ಆಟ ನಿಧಾನ ಮಾಡಿ, ಆಮೇಲೆ ನಿಲ್ಲಿಸಿ. ಮೂಗಿನ ಆಟ ಮಾತ್ರ ಕೊನೆಯ ತನಕ ನಡೆಯಲಿ. ಹೊರಗೆ ಹೋಗಲಾರದ ಮುದಿ ನಾಯಿಗೆ ಪರಿಚಯದವರೊಬ್ಬರು ದಿನಾ ಒಂದು ಬುಟ್ಟಿ ತರುತ್ತಿದ್ದರು. ಅದರಲ್ಲಿ ಬಯಲಿನ ಹುಲ್ಲು, ಒಣ ಎಲೆ, ಬೇಲಿ ಪಕ್ಕದ ಒಂದು ಕಡ್ಡಿ ಇರುತ್ತಿದ್ದವು. ಬುಟ್ಟಿ ಕೆಳಗಿಟ್ಟ ಕೂಡಲೇ ಮಲಗಿದ್ದ ಆ ನಾಯಿ ತಲೆ ಎತ್ತಿ, ಒಂದೊಂದನ್ನೇ ಮೂಸುತ್ತಾ ಅರ್ಧ ಗಂಟೆ ಕಳೆಯುತ್ತಿತ್ತು.